ಬಿರುಕು ಯಾವ ದಾರಿ ಹಿಡಿಯುತ್ತದೆ?

ದಿನಪತ್ರಿಕೆಯ ಹಾಳೆಯನ್ನು ಒಂದು ದಿಕ್ಕಿನಲ್ಲಿ ಹರಿದರೆ ನೇರವಾಗಿ ಸೀಳುತ್ತದೆ. ಅದಕ್ಕೆ ಅಡ್ಡಲಾಗಿ ಹರಿದರೆ ಸೊಟ್ಟಗೆ ಸಾಗುತ್ತದೆ. ಕಾಗದ ತಯಾರಿಸುವ ಯಂತ್ರ ಓಡುವ ದಿಕ್ಕಿಗೇ ಹೆಚ್ಚಿನ ನಾರುಗಳು ಮಲಗಿರುವುದು ಇದಕ್ಕೆ ಕಾರಣ. ಬಿದಿರು, ಮರ, ನಾರು ಸೇರಿಸಿದ ಪ್ಲಾಸ್ಟಿಕ್ ಕೂಡ ಹೀಗೆಯೇ. ದಿಕ್ಕು ಬದಲಾದಂತೆ ಗುಣ ಬದಲಾಗುವ ಇವುಗಳನ್ನು ಅಸಮದೈಶಿಕ ವಸ್ತುಗಳು ಎನ್ನುತ್ತೇವೆ.

ಈ ಚಟುವಟಿಕೆ ಮಾಡಿಸುವ ಪ್ರಶಿಕ್ಷಣಾರ್ಥಿಗಳು ಕಪ್ಪುಹಲಗೆಯ ಮೇಲೆ ಸಾಮಾನ್ಯವಾಗಿ ಬರೆಯುವ ತೀರ್ಮಾನ ಒಂದೇ: ‘ಬಿರುಕು ಯಾವಾಗಲೂ ದುರ್ಬಲ ದಿಕ್ಕಿನಲ್ಲೇ ಸಾಗುತ್ತದೆ.’ ಇದು ಅರ್ಧ ಸತ್ಯವೆಂಬುದನ್ನು ತೋರಿಸಲು ನಾನು ಜಮಾ-ಖರ್ಚಿನ ಲೆಕ್ಕ ಬಳಸುತ್ತೇನೆ. 9ನೆಯ ತರಗತಿಯ ಕೆಲಸ ಮತ್ತು ಶಕ್ತಿಯ ಪಾಠ ಇದಕ್ಕೆ ಸಾಕಷ್ಟು ಪೂರ್ವಜ್ಞಾನ.

ಎ. ಎ. ಗ್ರಿಫಿತ್ 1921ರಲ್ಲಿ ಬಿರುಕನ್ನು ಶಕ್ತಿಯ ಲೆಕ್ಕದಿಂದ ವಿವರಿಸಿದರು. ಎಳೆದ ವಸ್ತುವಿನಲ್ಲಿ ಶಕ್ತಿ ಸಂಗ್ರಹವಾಗಿರುತ್ತದೆ. ಬಿರುಕು ಮುಂದುವರಿದರೆ ಅದರಲ್ಲಿ ಒಂದಂಶ ಬಿಡುಗಡೆಯಾಗುತ್ತದೆ, ಅದು ಜಮಾ. ಹೊಸ ಮೇಲ್ಮೈ ಉಂಟಾಗಲು ಶಕ್ತಿ ಬೇಕು, ಅದು ಖರ್ಚು. ಎಳೆತ ಹೆಚ್ಚಿದಂತೆ ಯಾವ ದಿಕ್ಕಿನಲ್ಲಿ ಜಮಾ ಮೊದಲು ಖರ್ಚನ್ನು ಮುಟ್ಟುತ್ತದೋ ಬಿರುಕು ಆ ಕಡೆ ಹೊರಡುತ್ತದೆ.

ಬೋಧನೆಗಾಗಿ ಕೆಲವು ಅಂಕಿ ಇಟ್ಟುಕೊಳ್ಳೋಣ. ಬಿರುಕು ನೇರ ಮುಂದೆ ಹೋದರೆ ಜಮಾ 10, ಖರ್ಚು 10. ನಾರುಗಳಿರುವ 45 ಡಿಗ್ರಿ ದಿಕ್ಕಿಗೆ ತಿರುಗಿದರೆ ಜಮಾ 7. ಅಲ್ಲಿ ಖರ್ಚು 5 ಆಗಿದ್ದರೆ ಬಿರುಕು ತಿರುಗುತ್ತದೆ. ಖರ್ಚು 8 ಆಗಿದ್ದರೆ? ನಾರಿನ ದಿಕ್ಕು ಈಗಲೂ ದುರ್ಬಲವೇ; ಆದರೆ 7ರಲ್ಲಿ 8ರ ಖರ್ಚು ತೂಗುವುದಿಲ್ಲ. ಬಿರುಕು ನೇರವಾಗಿಯೇ ಸಾಗುತ್ತದೆ.

ಗಣಕ ಮಾಡುವುದೂ ಇದೇ ಲೆಕ್ಕವನ್ನು. 1998ರಲ್ಲಿ ಫ್ರಾಂಕ್‌ಫೋರ್ಟ್ ಮತ್ತು ಮಾರಿಗೊ ಬಿರುಕಿನ ದಾರಿಯನ್ನು ಒಟ್ಟು ಶಕ್ತಿ ಕನಿಷ್ಠವಾಗಿಸುವ ಸಮಸ್ಯೆಯಾಗಿ ರೂಪಿಸಿದರು. ಅದರಿಂದ ಬೆಳೆದ ವಿಧಾನದಲ್ಲಿ ವಸ್ತುವನ್ನು ಸಣ್ಣ ಕೋಶಗಳ ಜಾಲವಾಗಿ ವಿಭಜಿಸಿ, ಪ್ರತಿ ಬಿಂದುವಿಗೂ ಒಂದು ಸಂಖ್ಯೆ ಕೊಡುತ್ತಾರೆ: ಗಟ್ಟಿಯಿದ್ದರೆ 0, ಪೂರ್ತಿ ಒಡೆದಿದ್ದರೆ 1. ಬಿರುಕು ತೆಳು ಗೆರೆಯಾಗಿರದೆ ಕಿರಿದಾದ ಪಟ್ಟಿಯಾಗಿ ಕಾಣುತ್ತದೆ. ವಸ್ತು ಅಸಮದೈಶಿಕವಾಗಿದ್ದರೆ ಖರ್ಚನ್ನು ದಿಕ್ಕಿಗೆ ತಕ್ಕಂತೆ ಬದಲಿಸುತ್ತಾರೆ.

ಪಟ್ಟಿಯೇಕೆ ಬೇಕು ಎಂಬುದನ್ನು ಗ್ರಾಫ್ ಹಾಳೆಯೇ ಹೇಳುತ್ತದೆ. 10 ಚೌಕ ಬಲಕ್ಕೆ, 10 ಚೌಕ ಮೇಲಕ್ಕಿರುವ ಬಿಂದುವನ್ನು ಗೆರೆಗಳ ಮೇಲಷ್ಟೇ ಸಾಗಿ ತಲುಪಲು ಹೇಳಿ. ದೂರ 20; ಕರ್ಣವಾದರೆ ಸುಮಾರು 14. ಚೌಕಗಳನ್ನು ಎಷ್ಟು ಚಿಕ್ಕದು ಮಾಡಿದರೂ ಆ 20 ಕಡಿಮೆಯಾಗದು. ಬಿರುಕನ್ನು ಜಾಲದ ಗೆರೆಗಳಿಗೇ ಕಟ್ಟಿಹಾಕಿದರೆ ವಸ್ತುವಿನಲ್ಲಿಲ್ಲದ ನಾರನ್ನು ಜಾಲವೇ ಸೃಷ್ಟಿಸಿದಂತಾಗುತ್ತದೆ. ಪಟ್ಟಿಯ ಅಗಲದೊಳಗೆ ಹಲವು ಕೋಶಗಳಿದ್ದರೆ ಈ ದೋಷ ಬಹಳ ಮಟ್ಟಿಗೆ ತಗ್ಗುತ್ತದೆ.

ಆದ್ದರಿಂದ ಪಾಠ ಯೋಜನೆಯ ಮೌಲ್ಯಮಾಪನದ ಭಾಗದಲ್ಲಿ ಎರಡು ಪ್ರಶ್ನೆಗಳಿರಲಿ. ವಸ್ತುವನ್ನು ಹಾಗೆಯೇ ಇಟ್ಟು ಜಾಲವನ್ನು ಮಾತ್ರ ತಿರುಗಿಸಿದರೆ ಬಿರುಕಿನ ದಾರಿ ಬದಲಾಗಬೇಕೇ? ಜಾಲವನ್ನು ಹಾಗೆಯೇ ಇಟ್ಟು ನಾರುಗಳನ್ನು ತಿರುಗಿಸಿದರೆ? ಮೊದಲನೆಯದಕ್ಕೆ ‘ಇಲ್ಲ’ ಎಂದು, ಎರಡನೆಯದಕ್ಕೆ ‘ಜಮಾ-ಖರ್ಚು ನೋಡಿ ಹೇಳುತ್ತೇನೆ’ ಎಂದು ಉತ್ತರಿಸುವ ವಿದ್ಯಾರ್ಥಿಗೆ, ಪರದೆಯ ಮೇಲಿನ ಚಿತ್ರವನ್ನು ನಂಬುವ ಮೊದಲು ಪರೀಕ್ಷಿಸಬೇಕೆಂಬುದೂ ತಿಳಿದಿರುತ್ತದೆ.