ತೊಗರಿ ಕಟ್ಟಿಗೆಗೊಂದು ದಾರಿ, ಬಾಳೆ ದಿಂಡಿಗೊಂದು ದಾರಿ

ಡಿಸೆಂಬರ್ ಕೊನೆಯ ಹೊತ್ತಿಗೆ ಕಲಬುರಗಿ ಸುತ್ತಲಿನ ಎರೆ ಹೊಲಗಳಲ್ಲಿ ತೊಗರಿ ರಾಶಿ ಜೋರಾಗುತ್ತದೆ. ಕಾಳು ಚೀಲ ಸೇರಿ ಗಂಜ್ ಮಾರುಕಟ್ಟೆಗೆ ಹೋಗುತ್ತದೆ, ಹೊಟ್ಟು ದನಗಳ ಪಾಲಾಗುತ್ತದೆ. ಉಳಿಯುವುದು ಕಟ್ಟಿಗೆ. ಒಂದು ಕ್ವಿಂಟಲ್ ಕಾಳಿಗೆ ಸುಮಾರು ಎರಡು, ಎರಡೂವರೆ ಕ್ವಿಂಟಲ್ ಕಟ್ಟಿಗೆ ಬರುತ್ತದೆಂಬುದು ವಿಜ್ಞಾನಿಗಳ ಅಂದಾಜು. ಅದರಲ್ಲಿ ಒಂದಷ್ಟು ಒಲೆಗೆ, ಒಂದಷ್ಟು ಬೇಲಿಗೆ, ತಟ್ಟಿಗೆ. ಮಿಕ್ಕದ್ದಕ್ಕೆ ಹೊಲದಲ್ಲೇ ಬೆಂಕಿ ಇಡುವುದೂ ಉಂಟು. ಇತ್ತ ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ಕೆಂಪು ಬಾಳೆಯ ಊರು. ಬಾಳೆ ಒಮ್ಮೆ ಗೊನೆ ಬಿಟ್ಟರೆ ಮುಗಿಯಿತು, ಗೊನೆ ಇಳಿಸಿದ ಮೇಲೆ ಗಿಡವನ್ನು ಕಡಿಯಲೇಬೇಕು. ಕಡಿದ ದಿಂಡು ಬದುವಿನಲ್ಲಿ ಕೊಳೆಯುತ್ತ ಬೀಳುತ್ತದೆ.

ಎರಡರಿಂದಲೂ ಇಂಧನ ತೆಗೆಯಬಹುದು. ಆದರೆ ಯಾವುದನ್ನು ಹೇಗೆ ಎಂಬುದನ್ನು ತೀರ್ಮಾನಿಸುವುದು ಅವುಗಳೊಳಗಿನ ನೀರು. ಚೆನ್ನಾಗಿ ಒಣಗಿದ ಒಂದು ಕಿಲೋ ತೊಗರಿ ಕಟ್ಟಿಗೆ ಉರಿದರೆ ಸುಮಾರು 16 ಮೆಗಾಜೂಲ್ ಶಾಖ ಸಿಗುತ್ತದೆ. ಬಾಳೆ ದಿಂಡಿನಲ್ಲಿ ನೂರಕ್ಕೆ 90 ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ನೀರೇ. ಒಂದು ಕಿಲೋ ಹಸಿ ದಿಂಡಿನಲ್ಲಿ ಉರಿಯುವಂಥ ಪದಾರ್ಥ ಬರೀ 100 ಗ್ರಾಂ. ಅದು ಕೊಡುವುದು ಒಂದೂವರೆ ಮೆಗಾಜೂಲ್ ಆಸುಪಾಸು. ಉಳಿದ 900 ಗ್ರಾಂ ನೀರನ್ನು ಕಾಯಿಸಿ ಆವಿ ಮಾಡಲು ಎರಡು ಮೆಗಾಜೂಲ್‌ಗೂ ಹೆಚ್ಚು ಬೇಕು. ಗಳಿಕೆಗಿಂತ ಖರ್ಚೇ ಜಾಸ್ತಿ.

ಹಾಗಾಗಿ ದಿಂಡನ್ನು ಬೆಂಕಿಗೆ ಕೊಡಬಾರದು, ಸೂಕ್ಷ್ಮಜೀವಿಗಳಿಗೆ ಕೊಡಬೇಕು. ಸಣ್ಣಗೆ ಕೊಚ್ಚಿ ಸಗಣಿಯೊಂದಿಗೆ ಗಾಳಿಯಾಡದ ತೊಟ್ಟಿಗೆ ಹಾಕಿದರೆ ಅವು ಅದನ್ನು ಒಡೆದು ಮೀಥೇನ್ ಬಿಡುತ್ತವೆ. ದಿಂಡಿನಲ್ಲಿ ಸಾರಜನಕ ಕಡಿಮೆ, ಆ ಕೊರತೆಯನ್ನು ಸಗಣಿ ತುಂಬುತ್ತದೆ. ಈ ಜೀವಿಗಳಿಗೆ ಹಿತವಾದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೇರೆಡೆ ತೊಟ್ಟಿ ಬೆಚ್ಚಗಿಡಲು ಇಂಧನ ಸುಡುತ್ತಾರೆ, ನಮ್ಮ ಕಡೆಯ ಬಿಸಿಲು ಆ ಶಾಖವನ್ನು ಪುಕ್ಕಟೆ ಕೊಡುತ್ತದೆ.

ತೊಗರಿ ಕಟ್ಟಿಗೆಯ ಕತೆ ಬೇರೆ. ಅದರ ದೋಷ ಗಾತ್ರ: ಟ್ರ್ಯಾಕ್ಟರ್ ತುಂಬ ಕಾಣುತ್ತದೆ, ತೂಕ ಇರುವುದಿಲ್ಲ, ಸಾಗಾಣಿಕೆಯಲ್ಲೇ ಲಾಭ ಕರಗುತ್ತದೆ. ಪರಿಹಾರ ಕಟ್ಟಿಗೆಯೊಳಗೇ ಇದೆ. ಗಿಡಕ್ಕೆ ಗಡುಸುತನ ಕೊಡುವ ಲಿಗ್ನಿನ್ ಎಂಬ ಪದಾರ್ಥ ಬಿಸಿ ಮತ್ತು ಒತ್ತಡಕ್ಕೆ ಮೆದುವಾಗಿ ಅಂಟಿನಂತೆ ಕೆಲಸ ಮಾಡುತ್ತದೆ. ಪುಡಿ ಮಾಡಿದ ಕಟ್ಟಿಗೆಯನ್ನು ಯಂತ್ರದಲ್ಲಿ ಒತ್ತಿದರೆ ಬೇರೆ ಅಂಟಿಲ್ಲದೆ ಗಟ್ಟಿ ಬ್ರಿಕೆಟ್ ಆಗುತ್ತದೆ. ಇನ್ನೊಂದು ದಾರಿ ಗ್ಯಾಸಿಫೈಯರ್. ಅರೆಬರೆ ಗಾಳಿ ಕೊಟ್ಟು ಬೇಯಿಸಿದರೆ ಕಟ್ಟಿಗೆ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಬಿಡುತ್ತದೆ, ಆ ಅನಿಲದಿಂದ ಇಂಜಿನ್ ಓಡುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಒಂದು, ಒಂದೂಕಾಲು ಕಿಲೋ ಒಣ ಕಟ್ಟಿಗೆ ಸಾಕು. ಎಚ್ಚರಿಕೆ ಬೇಕಾದದ್ದು ಮಣ್ಣಿನ ವಿಷಯದಲ್ಲಿ. ಬೇರು ಸಮೇತ ಕಿತ್ತ ಕಟ್ಟಿಗೆಗೆ ಎರೆ ಮಣ್ಣು ಮೆತ್ತಿಕೊಂಡಿರುತ್ತದೆ. ಅದು ಒಲೆಯ ತಾಪಕ್ಕೆ ಕರಗಿ ಗಟ್ಟಿ ಕಿಟ್ಟವಾಗಿ ಜಾಲರಿ ಮುಚ್ಚುತ್ತದೆ. ಕಟ್ಟಿಗೆಯನ್ನು ಬುಡದಲ್ಲಿ ಕೊಯ್ದರೋ ಕಿತ್ತರೋ ಎಂಬುದು ಯಂತ್ರದ ಆಯುಷ್ಯವನ್ನೇ ನಿರ್ಧರಿಸುತ್ತದೆ.

ಈ ವಿದ್ಯೆಯಲ್ಲಿ ಕರ್ನಾಟಕ ಹೊಸಬನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಬಳಗ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಮಾಡಿದ ಪ್ರಯೋಗ ಇಂದಿಗೂ ಓದಬೇಕಾದದ್ದು. ಮೊದಲು ಊರಿನ ಅಡುಗೆಗೆಂದು ಸಗಣಿ ಅನಿಲದ ಸ್ಥಾವರ ಹಾಕಿದರು. ಎಲ್ಲ ಮನೆಗಳ ಒಲೆಗೆ ಆಗುವಷ್ಟು ಸಗಣಿ ಊರಲ್ಲಿರಲಿಲ್ಲ. ಜನರಿಗೆ ಅಷ್ಟೇ ಜರೂರಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಲ್ಲಿ ಇಂಜಿನ್ ಓಡಿಸಿ ಕೊಳವೆಬಾವಿಯ ನೀರು, ಮನೆಗೆ ದೀಪ ಕೊಟ್ಟರು; ಸಗಣಿ ತಂದವರಿಗೆ ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು. ಮರುವರ್ಷ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಗ್ಯಾಸಿಫೈಯರ್ ದೀಪ ಹಚ್ಚಿತು. ಯಂತ್ರ ತರುವ ಮುಂಚೆ ಊರಿನ ಲೆಕ್ಕ ಹಿಡಿಯಬೇಕೆಂಬುದನ್ನು ಪುರ ಕಲಿಸಿದಷ್ಟು ಸ್ಪಷ್ಟವಾಗಿ ಬೇರಾವುದೂ ಕಲಿಸಿಲ್ಲ ಎಂದು ನನ್ನ ಭಾವನೆ.

ಕಲಬುರಗಿಯ ಲೆಕ್ಕ ಹಿಡಿಯಲು ಒಂದೇ ಸಂಸ್ಥೆಯಿಂದ ಆಗದು. ಸೂಕ್ಷ್ಮಜೀವಿಗಳನ್ನು ಬಲ್ಲವರು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿದ್ದಾರೆ, ಇಂಜಿನ್ ಬಲ್ಲವರು ಪಿಡಿಎ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಮಣ್ಣು ಮತ್ತು ಬೆಳೆ ಬಲ್ಲವರು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರಗಳಲ್ಲಿ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ರಾಜ್ಯದ ಗಡಿಯಲ್ಲೂ ಇದು ನಿಲ್ಲಬಾರದು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚನೆಯ (ಜಿಐ) ಮಾನ್ಯತೆ ಬಂತು, ಪಕ್ಕದ ತೆಲಂಗಾಣದ ತಾಂಡೂರು ತೊಗರಿಗೆ 2022ರಲ್ಲಿ. ಮಹಾರಾಷ್ಟ್ರದ ಲಾತೂರಿನ ರೈತರೂ ಇದೇ ಬೆಳೆ ಬೆಳೆಯುತ್ತಾರೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ತೊಗರಿಯನ್ನೂ ದಶಕಗಳಿಂದ ಅಭ್ಯಸಿಸುತ್ತಿರುವ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಇದೆ. ಒಂದೇ ಕಟ್ಟಿಗೆಯನ್ನು ಮೂರು ರಾಜ್ಯಗಳಲ್ಲಿ ಒಂದೇ ಕ್ರಮದಲ್ಲಿ ತೂಗಿ, ತೇವ ಮತ್ತು ಬೂದಿ ಅಳೆದರೆ ಮಾತ್ರ ಅಂಕಿಗಳನ್ನು ಹೋಲಿಸಬಹುದು.

ಕಟ್ಟಿಗೆಯನ್ನು ಇದ್ದಲು ಮಾಡಿ ಹೊಲಕ್ಕೆ ಹಾಕುವ ಬಯೋಚಾರ್ ಬಗ್ಗೆ ಈಗ ಉತ್ಸಾಹ ಹೆಚ್ಚು. ಅದು ಸಾಮಾನ್ಯವಾಗಿ ಕ್ಷಾರೀಯ, ನಮ್ಮ ಎರೆ ಭೂಮಿ ಮೊದಲೇ ಕ್ಷಾರೀಯ. ಹುಳಿ ಮಣ್ಣಿನ ಸೀಮೆಯ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ತರಲಾಗದು, ಇಲ್ಲಿಯ ಹೊಲದಲ್ಲೇ ಪರೀಕ್ಷೆ ಆಗಬೇಕು. ಜೋಳದ ಕಣಿಕೆಯನ್ನಂತೂ ಈ ಲೆಕ್ಕಕ್ಕೆ ಸೇರಿಸಲೇಬಾರದು, ಅದು ದನದ ಮೇವು.

ಇನ್ನು ಕಟ್ಟಿಗೆಗೆ ಬೆಲೆ ಬಂದ ದಿನ ಏನಾಗುತ್ತದೆ? ಇವತ್ತು ರಾಶಿ ಮುಗಿದ ಹೊಲದಿಂದ ಕೂಲಿ ಹೆಣ್ಣುಮಕ್ಕಳು ಹೊರೆ ಕಟ್ಟಿಕೊಂಡು ಒಯ್ದರೆ ಯಾರೂ ತಡೆಯುವುದಿಲ್ಲ. ಬ್ರಿಕೆಟ್ ಕಾರ್ಖಾನೆಯ ಲಾರಿ ಬದುವಿಗೆ ಬಂದರೆ ಆ ಹೊರೆಗೂ ದರ ಕಟ್ಟಲಾಗುತ್ತದೆ. ಆದ್ದರಿಂದ ಮುಂದಿನ ರಾಶಿಯಲ್ಲಿ ತಕ್ಕಡಿ ಹಿಡಿದು ಹೊಲಕ್ಕಿಳಿಯುವ ಸಂಶೋಧಕರು ಎಕರೆಗೆ ಎಷ್ಟು ಕಟ್ಟಿಗೆ ಎಂಬುದರ ಪಕ್ಕದಲ್ಲೇ ಇನ್ನೊಂದು ಕಾಲಂ ಎಳೆಯಬೇಕು: ಅದರಲ್ಲಿ ಯಾರ ಒಲೆಗೆ ಎಷ್ಟು ಹೋಗುತ್ತಿದೆ ಎಂದು. ಅದನ್ನು ಕಳೆದು ಉಳಿದದ್ದಷ್ಟೇ ಕಾರ್ಖಾನೆಗೆ ಸಲ್ಲುವ ಕಟ್ಟಿಗೆ.