ಕಿರುವಿಡಿಯೊದಲ್ಲಿ ಯಂತ್ರದ ಪರಿಚಯ

ಕೊಳವೆಬಾವಿಯ ಮೋಟರು, ಸ್ಟಾರ್ಟರು, ಅಡಿಕೆ ಸುಲಿಯುವ ಯಂತ್ರ, ಔಷಧಿ ಸಿಂಪಡಿಸುವ ಡ್ರೋನು: ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರೈತರಿಗೆ ಕೈಗಾರಿಕಾ ತಂತ್ರಜ್ಞಾನವೆಂದರೆ ಮುಖ್ಯವಾಗಿ ಇವೇ. ಇಂಥ ಸರಕಿನ ವಿಚಾರ ಹಿಂದೆ ತಿಳಿಯುತ್ತಿದ್ದುದು ಅಂಗಡಿಯವರಿಂದ, ಪಕ್ಕದ ತೋಟದವರಿಂದ, ಕೃಷಿಮೇಳದ ಮಳಿಗೆಗಳಿಂದ. 2020ರ ಜೂನ್ ಕೊನೆಗೆ ಕಿರುವಿಡಿಯೊಗಳ ಆ್ಯಪ್ ಟಿಕ್‌ಟಾಕ್ ಭಾರತದಲ್ಲಿ ನಿಷೇಧವಾಯಿತು. ಅದರ ಬೆನ್ನಿಗೇ ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಇಲ್ಲಿಗೆ ಬಂದವು. ಆಮೇಲೆ ಒಂದು ನಿಮಿಷದೊಳಗಿನ ಯಂತ್ರ ಪರಿಚಯ ಎಲ್ಲರ ಮೊಬೈಲಿಗೂ ತಲುಪತೊಡಗಿತು. 2024ರ ಅಕ್ಟೋಬರ್‌ನಿಂದ ಶಾರ್ಟ್ಸ್‌ನ ಮಿತಿ ಮೂರು ನಿಮಿಷಕ್ಕೆ ಏರಿದೆ.

ಚಲನೆಯನ್ನು ತೋರಿಸುವುದರಲ್ಲಿ ಈ ವಿಡಿಯೊಗಳಿಗೆ ಸಾಟಿಯಿಲ್ಲ. ಸಬ್‌ಮರ್ಸಿಬಲ್ ಪಂಪಿನೊಳಗೆ ಇಂಪೆಲ್ಲರುಗಳು ಒಂದರ ಮೇಲೊಂದು ಕೂತಿರುವ ಬಗೆ, ಸವೆದ ಬುಷ್, ಸುಟ್ಟ ವೈಂಡಿಂಗ್ ಇವನ್ನೆಲ್ಲ ಹತ್ತು ಪುಟದ ಕೈಪಿಡಿಗಿಂತ ಅರ್ಧ ನಿಮಿಷದ ದೃಶ್ಯ ಚೆನ್ನಾಗಿ ಮನಸ್ಸಿಗೆ ಹತ್ತಿಸುತ್ತದೆ. ನೀರು ತುಂಬುವ ಮೋಟರನ್ನು ಬಾವಿಗೆ ಇಳಿಸುವ ಮೊದಲು ಅದರೊಳಗೆ ಶುದ್ಧ ನೀರು ತುಂಬಲೇಬೇಕು, ಒಳಗಿನ ಬೇರಿಂಗಿಗೆ ಆ ನೀರೇ ಎಣ್ಣೆಯ ಕೆಲಸ ಮಾಡುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡವರು ಮರೆಯುವುದಿಲ್ಲ.

ತೊಡಕು ಶುರುವಾಗುವುದು ಅಂಕಿಗಳಲ್ಲಿ. ಜಗಳೂರು ಮಳೆ ಕಡಿಮೆಯ ತಾಲ್ಲೂಕು, ಅಲ್ಲಿ ನೀರು ಆಳದಲ್ಲಿದೆ. ಆದರೆ ವಿಡಿಯೊದ ಪಂಪು ನೆಲದ ಮೇಲಿನ ತೊಟ್ಟಿಯಿಂದ ನೀರೆತ್ತಿ ಪೈಪಿನ ತುಂಬ ಚಿಮ್ಮಿಸುತ್ತದೆ. ತೊಟ್ಟಿಯಿಂದ ನೀರೆತ್ತಬೇಕಾದ ಎತ್ತರ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಒಂದು ಸಣ್ಣ ಲೆಕ್ಕ ನೆರವಿಗೆ ಬರುತ್ತದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್; 5 ಎಚ್‌ಪಿ ಎಂದರೆ 3,730 ವ್ಯಾಟ್. ಇಷ್ಟು ಶಕ್ತಿ ಒಂದಿಷ್ಟೂ ಪೋಲಾಗದೆ ನೀರಿಗೇ ಸಂದರೂ 500 ಅಡಿ ಆಳದಿಂದ ಸೆಕೆಂಡಿಗೆ ಸುಮಾರು ಎರಡೂವರೆ ಲೀಟರ್‌ಗಿಂತ ಹೆಚ್ಚು ನೀರು ಮೇಲೆ ಬರಲಾರದು. ಪಂಪಿನ ದಕ್ಷತೆ ಅರ್ಧದಷ್ಟಿದ್ದರೆ ಸಿಗುವುದು ಒಂದೂಕಾಲು ಲೀಟರ್ ಮಾತ್ರ. ಹೀಗಾಗಿ ನೀರಿನ ರಭಸ ನೋಡಿ ಪಂಪು ಆರಿಸುವುದು ದುಡ್ಡು ಕಳೆದುಕೊಳ್ಳುವ ದಾರಿ. ‘ಎರಡಿಂಚು ನೀರು’ ಎಂಬ ಮಾತೂ ಅಷ್ಟೆ: ಬೋರ್ ಕೊರೆಯುವವರು ಅದನ್ನು ವಿ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರದಿಂದ ಅಳೆದರೆ, ವಿಡಿಯೊದಲ್ಲಿ ಅದು ಬರಿಯ ಪೈಪಿನ ಅಗಲವಾಗಿರಬಹುದು.

ವಿಡಿಯೊವನ್ನು ತಡೆದು ನಿಲ್ಲಿಸಿ ಮೋಟರಿನ ಮೇಲಿನ ಲೋಹದ ಫಲಕ ಓದುವುದು ಈ ಕಲಿಕೆಯ ಅತ್ಯಂತ ಉಪಯುಕ್ತ ಅಭ್ಯಾಸ. ಎಚ್‌ಪಿ, ವೋಲ್ಟೇಜು, ಆಂಪಿಯರು, ಹೆಡ್ ಅಂದರೆ ನೀರೆತ್ತುವ ಎತ್ತರ, ಆ ಎತ್ತರದಲ್ಲಿ ಕೊಡುವ ನೀರು, ಇಷ್ಟೂ ಅದರಲ್ಲಿರುತ್ತವೆ. ಸಬ್‌ಮರ್ಸಿಬಲ್ ಪಂಪ್‌ಸೆಟ್ಟಿಗೆ ಭಾರತೀಯ ಮಾನಕ ಐಎಸ್ 8034. ಐಎಸ್‌ಐ ಮುದ್ರೆಯ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ಅದು ನಿಜವೋ ಅಲ್ಲವೋ ನೋಡಬಹುದು. ಫಲಕವನ್ನು ತೋರಿಸದೆ ಬಣ್ಣ, ಹೊಳಪು, ರಿಯಾಯಿತಿ ದರ ಮಾತ್ರ ತೋರಿಸುವ ವಿಡಿಯೊದಿಂದ ಕಲಿಯುವಂಥದ್ದು ಹೆಚ್ಚೇನಿಲ್ಲ.

ಚನ್ನಗಿರಿಯ ಪಾಠ ಬೇರೆ. ಅಲ್ಲಿ ಅಡಿಕೆಯನ್ನು ಹಸಿಗಾಯಾಗಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿದ ಗಾಢ ರಸದಲ್ಲಿ, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿದ ಮೇಲೆ ಸುಲಿದು ಚಾಲಿ ಮಾಡುತ್ತಾರೆ. ಹೀಗಾಗಿ ಆ ಸೀಮೆಯ ಪುತ್ತೂರು ಕಡೆಯ ಯಂತ್ರದ ವಿಡಿಯೊ ಎಷ್ಟೇ ಚೆನ್ನಾಗಿದ್ದರೂ, ಒಣಸಿಪ್ಪೆಗೆಂದು ಮಾಡಿದ ಯಂತ್ರ ಹಸಿಗಾಯಿಗೆ ಒಗ್ಗುತ್ತದೆ ಎಂದುಕೊಳ್ಳಬಾರದು. ಹಸಿಗಾಯಿ ಯಂತ್ರವನ್ನೇ ತೋರಿಸಿದಾಗಲೂ ನೋಡಬೇಕಾದದ್ದು ಬುಟ್ಟಿಗೆ ಬಿದ್ದ ರಾಶಿಯನ್ನು: ಅದರಲ್ಲಿ ಬ್ಲೇಡಿನ ಗಾಯವಾದವು ಎಷ್ಟು, ಸಿಪ್ಪೆ ಬಿಡದೆ ಮತ್ತೆ ಹಾಕಬೇಕಾದವು ಎಷ್ಟು, ಸಣ್ಣಕಾಯಿ ದಪ್ಪಕಾಯಿ ಬೆರೆತಿದ್ದವೋ ಅಥವಾ ಒಂದೇ ಅಳತೆಯವನ್ನು ಆರಿಸಿ ಹಾಕಿದರೋ. ಗಾಯವಾದ ಅಡಿಕೆಗೆ ಬೆಲೆ ಇಳಿಯುತ್ತದೆ. ಗಂಟೆಗೆ ಇಷ್ಟು ಕ್ವಿಂಟಲ್ ಎಂಬ ಹೇಳಿಕೆಗಿಂತ ಈ ರಾಶಿಯ ಮಾತನ್ನೇ ನಂಬಬೇಕು.

ಹೊನ್ನಾಳಿಯ ಭತ್ತದ ಗದ್ದೆಗಳಿಗೆ ಡ್ರೋನಿನ ವಿಡಿಯೊ ಆಕರ್ಷಕವಾದದ್ದು. ಆದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಕೃಷಿ ಡ್ರೋನು ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು ಎಂಬುದನ್ನು ಅರ್ಧ ನಿಮಿಷದಲ್ಲಿ ಹೇಳಲು ಯಾರಿಗೂ ಪುರಸೊತ್ತಿಲ್ಲ.

ಹೇಳುತ್ತಿರುವವರು ಯಾರು ಎಂಬುದೂ ಮುಖ್ಯ. ಕಂಪನಿಯಿಂದ ಹಣವನ್ನೋ ಉಚಿತ ಸರಕನ್ನೋ ಪಡೆದು ಮಾಡಿದ ವಿಡಿಯೊದಲ್ಲಿ ಅದು ಜಾಹೀರಾತು ಎಂದು ತಿಳಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೂ ಸೂಚಿಸಿವೆ. ಒಂದು ಪಂಪಿನ ವಿಡಿಯೊ ಪೂರ್ತಿ ನೋಡಿದವರಿಗೆ ಆ್ಯಪು ಅಂಥವನ್ನೇ ಮತ್ತೆ ಮತ್ತೆ ತಂದಿಡುತ್ತದೆ. ಅದನ್ನು ಹತ್ತು ಜನರ ಸಾಕ್ಷಿ ಎಂದು ತಿಳಿಯಬಾರದು. ಅದೇ ಮಾದರಿಯ ಹೆಸರಿನ ಜೊತೆ ‘ರಿಪೇರಿ’, ‘ಸಮಸ್ಯೆ’ ಎಂದು ಕನ್ನಡದಲ್ಲಿ ಹುಡುಕಿದರೆ ಬಳಸಿದವರ ಮಾತು ಸಿಗುತ್ತದೆ. ಅನುಮಾನ ಉಳಿದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಸ್ಟಾರ್ಟರ್ ಪೆಟ್ಟಿಗೆಯ ವಿಡಿಯೊಗಳನ್ನು ನೋಡಿ ತಿಳಿಯಬಹುದು, ನೋಡಿ ಮಾಡಬಾರದು. ತ್ರೀ ಫೇಸ್ ಲೈನಿನಲ್ಲಿ 415 ವೋಲ್ಟ್ ಇರುತ್ತದೆ; ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಇಲ್ಲಿ ಮೊಬೈಲು ಬೇರೆ ರೀತಿಯಲ್ಲಿ ನೆರವಾಗುತ್ತದೆ. ನ್ಯಾಮತಿಯ ಹಳ್ಳಿಯೊಂದರಲ್ಲಿ ಮೋಟರು ಕೆಟ್ಟರೆ ಮೆಕ್ಯಾನಿಕ್ಕಿಗೆ ಮನೆಯವರೇ ಒಂದು ಕಿರುವಿಡಿಯೊ ಕಳಿಸಬಹುದು. ಪೆಟ್ಟಿಗೆ ತೆರೆಯದೆ, ಮೋಟರಿನ ಬಿಲ್ಲು ಅಥವಾ ಹಳೆಯ ಫೋಟೊದಲ್ಲಿರುವ ಫಲಕದ ವಿವರ, ಮೂರೂ ಫೇಸಿನ ದೀಪಗಳು, ಬಟನ್ ಒತ್ತಿದಾಗ ಬರುವ ಸದ್ದು, ವೋಲ್ಟ್ ಮತ್ತು ಆಂಪಿಯರ್ ಮುಳ್ಳು ನಿಲ್ಲುವ ಜಾಗ, ಇಷ್ಟನ್ನು ಹತ್ತಿರದಿಂದ ತೆಗೆದರೆ ಯಾವ ಬಿಡಿಭಾಗ ಹಿಡಿದು ಬರಬೇಕೆಂಬ ಅಂದಾಜು ಮೆಕ್ಯಾನಿಕ್ಕಿಗೆ ಹೊರಡುವ ಮೊದಲೇ ಸಿಗುತ್ತದೆ.