ಕೃಷ್ಣೆಯ ದಂಡೆಯಲ್ಲಿ ಒಂದು ಹಗಲು

ಮದುವೆಯೊಂದಕ್ಕೆಂದು ಬೆಳಗಾವಿಗೆ ಹೋಗಿದ್ದ ನಮಗೆ ಮರುದಿನ ಪೂರ್ತಿ ಬಿಡುವಿತ್ತು. ಸಾಂಗ್ಲಿ, ಮಿರಜ ನೋಡಬೇಕೆಂಬ ಆಸೆ ಬಹುಕಾಲದ್ದು. ಜತೆಗೆ ಬರುವವರು ಯಾರೂ ಸಿಗಲಿಲ್ಲ. ಹೆಗಲಿಗೊಂದು ಚೀಲ, ಚೀಲದಲ್ಲಿ ಊರಿನಿಂದ ತಂದಿದ್ದ ನಮ್ಮ ಪತ್ರಿಕೆ, ಇಷ್ಟನ್ನೇ ಹಿಡಿದು ಮುಂಜಾನೆಯ ರೈಲು ಹತ್ತಿದೆವು.

ಕುಡಚಿ ದಾಟಿದೊಡನೆ ಕೃಷ್ಣಾ ನದಿಯ ಸೇತುವೆ ಬರುತ್ತದೆ. ಉಗಾರ, ಶೇಡಬಾಳ ಕಳೆದರೆ ಮಹಾರಾಷ್ಟ್ರ. ನಿಲ್ದಾಣದ ಹಲಗೆಗಳ ಮೇಲೆ ಅಕ್ಷರ ಬದಲಾಯಿತು. ಆದರೆ ಡಬ್ಬಿಯೊಳಗೆ ನಡೆಯುತ್ತಿದ್ದ ಕನ್ನಡದ ಹರಟೆ ಮಿರಜದವರೆಗೂ ನಿಲ್ಲಲಿಲ್ಲ. ತಲಪಾಡಿ ದಾಟಿ ದಿನವೂ ಓಡಾಡುವ ನಮ್ಮವರಿಗೆ ಇದು ಹೊಸ ಸಂಗತಿಯೇನಲ್ಲ.

ಎರಡು ನದಿ ಕೂಡುವಲ್ಲಿ

ಮಿರಜದಿಂದ ಸಾಂಗ್ಲಿಗೆ ಹತ್ತು ಕಿಲೋಮೀಟರಿನಷ್ಟು ದಾರಿ. ಪಟವರ್ಧನ ಅರಸರು ಕಟ್ಟಿಸಿದ ಗಣಪತಿ ದೇವಸ್ಥಾನಕ್ಕೆ ಕೈಮುಗಿದು ಹರಿಪುರಕ್ಕೆ ಹೋದೆವು. ಅಲ್ಲಿ ವಾರಣಾ ನದಿ ಕೃಷ್ಣೆಯನ್ನು ಸೇರುತ್ತದೆ. ಸಂಗಮೇಶ್ವರನ ಗುಡಿ, ನೀರಿಗಿಳಿಯುವ ಮೆಟ್ಟಿಲು, ಅಗಲವಾದ ಹೊಳೆ. ಒಂದು ಗಂಟೆ ಸುಮ್ಮನೆ ಕುಳಿತಿದ್ದೆವು.

ಇಷ್ಟು ಸೌಮ್ಯವಾಗಿ ಕಾಣುವ ಈ ಹೊಳೆ 2019ರ ಆಗಸ್ಟಿನಲ್ಲಿ ಸಾಂಗ್ಲಿಯನ್ನು ಮುಳುಗಿಸಿತ್ತು. 1929ರ ಐರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. ಆಗ ನೀರು 57 ಅಡಿ ಮುಟ್ಟಿತ್ತು. ಹರಿಪುರದವರು ಅರಸಿನವನ್ನು ನೆಲದೊಳಗಿನ ಆಳವಾದ ಗುಂಡಿಗಳಲ್ಲಿ ಕೂಡಿಡುತ್ತಿದ್ದರು. ಮರಾಠಿಗರು ಅದಕ್ಕೆ ‘ಪೇವ’ ಎನ್ನುತ್ತಾರೆ. ಉತ್ತರ ಕರ್ನಾಟಕದವರ ‘ಹಗೇವು’ ಅದೇ. 2005ರ ನೆರೆ ಆ ಪೇವಗಳಿಗೂ ನುಗ್ಗಿ ಬಹಳ ನಷ್ಟ ಮಾಡಿತು.

ಯಕ್ಷಗಾನದ ಸಾಲ

ಸಾಂಗ್ಲಿಯನ್ನು ಮರಾಠಿಗರು ನಾಟಕದ ತವರೆಂದು ಕರೆಯುತ್ತಾರೆ. ಆ ತವರಿಗೆ ಬೀಜ ಹೋದದ್ದು ಕನ್ನಡ ನಾಡಿನಿಂದ. 1842ರ ಸುಮಾರಿಗೆ ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಬಂದು ದೊರೆ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಮೆಚ್ಚಿದ ದೊರೆ, ಇಂಥದ್ದು ಮರಾಠಿಯಲ್ಲೂ ಆಗಬೇಕೆಂದು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಮಾಡಿದರು. 1843ರಲ್ಲಿ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ನವೆಂಬರ್ 5ನ್ನು ಮರಾಠಿಗರು ಇಂದಿಗೂ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ರಾಮಾಯಣ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆಯ ಕಡೆಯವರಾದ ನಮಗೆ ಭಾವೆ ನಾಟ್ಯಮಂದಿರದೆದುರು ನಿಂತಾಗ ಎದೆಯುಬ್ಬಿತೆಂದರೆ ಓದುಗರು ನಗಬಾರದು.

ಆ ಸಾಲ ತಿರುಗಿಯೂ ಬಂತು. ಮರಾಠಿ ಕಂಪೆನಿಗಳ ಆಟಕ್ಕೆ ಉತ್ತರ ಕರ್ನಾಟಕದ ಕನ್ನಡಿಗರು ಮುಗಿಬೀಳುವುದನ್ನು ಕಂಡು, ಗದಗಿನ ಶಾಂತಕವಿಗಳು ಕನ್ನಡದಲ್ಲಿಯೇ ನಾಟಕ ಬರೆದು ಆಡಿಸಿದರು. ಕೊಟ್ಟದ್ದೂ ಉಂಟು, ಪಡೆದದ್ದೂ ಉಂಟು.

ದರ್ಗಾದ ಎದುರು

ಸಂಜೆಗೆ ಮಿರಜಕ್ಕೆ ಮರಳಿದೆವು. ಇಲ್ಲಿಯ ಗಲ್ಲಿಗಳಲ್ಲಿ ಸಿತಾರ, ತಂಬೂರಿ ತಯಾರಾಗುತ್ತವೆ. ಒಣಗಿದ ದೊಡ್ಡ ಸೋರೆಬುರುಡೆಗಳು ಅಂಗಡಿಯ ಸೂರಿನಿಂದ ತೂಗುತ್ತಿರುತ್ತವೆ. ಈ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮೀರಾಸಾಹೇಬರ ದರ್ಗಾದಲ್ಲಿ 1937ರಲ್ಲಿ ತೀರಿಕೊಂಡ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿಯಿದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಶಿಷ್ಯರು.

ದರ್ಗಾದೆದುರಿನ ಚಹದಂಗಡಿಯಲ್ಲಿ ಹಿರಿಯರೊಬ್ಬರು ನಮ್ಮ ಕೈಯ ಪತ್ರಿಕೆಯನ್ನು ನೋಡಿ ಮಾತಿಗೆಳೆದರು.

“ಯಾವೂರ್ರಿ ಸರ?”

“ಕಾಸರಗೋಡು.”

“ಅದು ಕೇರಳದಾಗ ಐತಲ್ರಿ? ಅಲ್ಲೂ ನಮ್ಮ ಮಾತು ಐತೇನು?”

ಇದೆ ಎಂದೆವು. ಅವರು ಜತ್ತ ತಾಲೂಕಿನವರು, ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತವರು. 1967ರ ಮಹಾಜನ ವರದಿ ಕಾಸರಗೋಡಿನ ಚಂದ್ರಗಿರಿಯ ಉತ್ತರ ಭಾಗವನ್ನೂ ಜತ್ತದ ಹಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತ್ತು. ಎರಡೂ ಕಡೆ ಅದು ಜಾರಿಗೆ ಬರಲಿಲ್ಲ. ಒಂದೇ ಕಡತದಲ್ಲಿ ಉಳಿದುಹೋದ ನಾವಿಬ್ಬರು ಮಿರಜದ ಚಹ ಕುಡಿಯುತ್ತ ಕುಳಿತೆವು.

ಅಷ್ಟರಲ್ಲಿ ಶಾಲೆಯಿಂದ ಮೊಮ್ಮಗ ಬಂದ. ಅಜ್ಜ ಕನ್ನಡದಲ್ಲಿ ಕೇಳಿದರು, ಹುಡುಗ ಮರಾಠಿಯಲ್ಲಿ ಉತ್ತರಿಸಿದ. “ತಿಳೀತೈತ್ರಿ, ಆಡಂಗಿಲ್ಲ. ಅಕ್ಷರಂತೂ ಗೊತ್ತೇ ಇಲ್ಲ,” ಎಂದರು ಅಜ್ಜ.

ನಮಗೆ ಮಾತು ಹೊರಡಲಿಲ್ಲ. ನಮ್ಮ ಮನೆಯ ಮೊಮ್ಮಗಳೂ ಕನ್ನಡ ಆಡುತ್ತಾಳೆ. ಓದಲು ಕೊಟ್ಟರೆ ಎರಡು ಸಾಲಿಗೆ ಪತ್ರಿಕೆ ಮಡಚಿಡುತ್ತಾಳೆ. ಇದಕ್ಕೆ ಯಾವ ಸರಕಾರವನ್ನು ದೂರುವುದು? ಮಕ್ಕಳು ಮಲಯಾಳವನ್ನೂ ಮರಾಠಿಯನ್ನೂ ಚೆನ್ನಾಗಿ ಕಲಿಯಲಿ. ಆದರೆ ಕರ್ಕಿಯವರು ಪರರಾಜ್ಯದ ದೊರೆಯ ಮುಂದೆ ತಮ್ಮದನ್ನೇ ಆಡಿ ತೋರಿಸಿದರು. ಆಡಲು ಅವರಲ್ಲಿ ಏನಾದರೂ ಉಳಿದಿತ್ತು. ರಾತ್ರಿ ಊಟಕ್ಕೆ ಮುನ್ನ ಹತ್ತು ನಿಮಿಷ ಮಗುವಿನಿಂದ ಗಟ್ಟಿಯಾಗಿ ಕನ್ನಡ ಓದಿಸುವುದಕ್ಕೆ ಯಾರ ಆಜ್ಞೆಯೂ ಬೇಡ.

ರೈಲಿಗೆ ಹೊತ್ತಾಗಿತ್ತು. ಅಜ್ಜ ಪತ್ರಿಕೆಯನ್ನು ಕೇಳಿ ಇಟ್ಟುಕೊಂಡರು. ನಾವು ಹೊರಡುವಾಗ ತಲೆಬರಹದ ಮೇಲೆ ಬೆರಳಿಟ್ಟು ಮೊಮ್ಮಗನಿಗೆ ಮೊದಲ ಅಕ್ಷರ ತೋರಿಸುತ್ತಿದ್ದರು.